ಸಾಲ ಮಾಡಿ ದುಬಾರಿ ಡಿಗ್ರಿ ಓದಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ದಿನದಿಂದ ಕೊನೆಯ ಸುತ್ತಿನ ಸೀಟು ಹಂಚಿಕೆ ಮುಗಿಯುವವರೆಗೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಟೇಬಲ್ ನೋಡಿಕೊಂಡಿದ್ದವನು ಅಂತ ನೆಂಟರಿಗೆಲ್ಲ ಗೊತ್ತು. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಫೀಸು, ಬಡ್ಡಿದರ ವರ್ಷ ವರ್ಷ ಬದಲಾಗುತ್ತವೆ. ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

ಒಂದೇ ಮಾತಲ್ಲಿ ಹೇಳಿ. ಸಾಲ ಮಾಡಿ ಓದಿಸಬಹುದಾ, ಬೇಡ್ವಾ?

ಓದಿಸಬಹುದು, ಒಂದು ಷರತ್ತಿನ ಮೇಲೆ. ಆ ಕಾಲೇಜಿನಲ್ಲಿ ಆ ಕೋರ್ಸು ಮುಗಿಸಿದವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮಧ್ಯದಲ್ಲಿ ಬರುವ ಹುಡುಗನಿಗೆ ಮೊದಲ ವರ್ಷ ಎಷ್ಟು ಸಂಬಳ ಬರುತ್ತದೋ, ಒಟ್ಟು ಸಾಲ ಅದರ ಆಸುಪಾಸಿನಲ್ಲಿರಬೇಕು. ಒಂದೂವರೆ ಪಟ್ಟಿನ ತನಕ ಬಿಗಿ ಹಿಡಿದು ತೀರಿಸಬಹುದು. ಎರಡು ಪಟ್ಟು ದಾಟಿತು ಅಂದರೆ ಕಂತು ಕಟ್ಟುವವರು ಮಕ್ಕಳಲ್ಲ, ಅಪ್ಪ ಅಮ್ಮ.

ಇದು ಯಾವ ಬ್ಯಾಂಕಿನ ನಿಯಮವೂ ಅಲ್ಲ. ಫೈಲುಗಳನ್ನು ನೋಡಿ ನೋಡಿ ನನ್ನ ತಲೆಯಲ್ಲಿ ಕೂತ ಲೆಕ್ಕ. ಬ್ಯಾಂಕು ಇದಕ್ಕಿಂತ ತುಂಬಾ ಜಾಸ್ತಿ ಸಾಲ ಕೊಡುತ್ತದೆ. ಕೊಟ್ಟರು ಅಂದ ಮಾತ್ರಕ್ಕೆ ನಮ್ಮ ಕೈಲಿ ತೀರಿಸಲು ಆಗುತ್ತದೆ ಅಂತೇನಿಲ್ಲ.

ಮಧ್ಯದ ಹುಡುಗನ ಸಂಬಳ ಯಾಕೆ ನೋಡಬೇಕು? ನಮ್ಮವನು ಕಾಲೇಜಿಗೇ ಫಸ್ಟು.

ಪಿಯುಸಿಯಲ್ಲಿ ಫಸ್ಟು. ಅಲ್ಲಿಗೆ ಹೋದ ಮೇಲೆ ಅಕ್ಕಪಕ್ಕ ಕೂತವರೂ ಅವರವರ ಊರಿಗೆ ಫಸ್ಟು ಬಂದವರೇ ಅಲ್ವಾ? ನಾಲ್ಕು ವರ್ಷ ಮೊದಲೇ ಕೂತು ಯಾರು ಮೇಲೆ ಹೋಗುತ್ತಾರೆ, ಯಾರು ಕೆಳಗೆ ಉಳಿಯುತ್ತಾರೆ ಅಂತ ಹೇಳೋಕೆ ಆಗಲ್ಲ. ಮಧ್ಯದ ಅಂಕಿ ಹಿಡಿದು ಲೆಕ್ಕ ಹಾಕಿ. ಅವನು ಮೇಲೆ ಹೋದರೆ ಸಂತೋಷ, ಸಾಲ ಬೇಗ ತೀರುತ್ತದೆ.

ಕಾಲೇಜಿನವರು 48 ಲಕ್ಷದ ಪ್ಯಾಕೇಜ್ ಅಂತ ಬೋರ್ಡು ಹಾಕಿದ್ದಾರಲ್ಲ?

ಹಾಕಿರುತ್ತಾರೆ. ಸುಳ್ಳೂ ಆಗಿರಲಿಕ್ಕಿಲ್ಲ. ಯಾರೋ ಒಬ್ಬಳಿಗೆ ಸಿಕ್ಕಿರುತ್ತದೆ, ಅವಳ ಫೋಟೊ ರಿಂಗ್ ರೋಡಿನ ತನಕ ಬರುತ್ತದೆ. ಮಿಕ್ಕವರ ಫೋಟೊ ಎಲ್ಲೂ ಇರುವುದಿಲ್ಲ.

ಸರಾಸರಿ ಪ್ಯಾಕೇಜ್ ಅಂತ ಹೇಳಿದರೂ ನಂಬಬೇಡಿ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 4 ಲಕ್ಷ, ಒಬ್ಬಳಿಗೆ 48 ಲಕ್ಷ ಅಂದುಕೊಳ್ಳಿ. ಸರಾಸರಿ 8.4 ಲಕ್ಷ ಆಗುತ್ತದೆ. ಆ ಹತ್ತು ಜನರಲ್ಲಿ 8.4 ಲಕ್ಷ ಸಂಬಳ ಪಡೆದವರು ಒಬ್ಬರೂ ಇಲ್ಲ.

ನಿಮಗೆ ಬೇಕಾದ ಅಂಕಿ ಬೇರೆ ಕಡೆ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ರ‍್ಯಾಂಕ್ ಎಷ್ಟು ಅನ್ನುವುದನ್ನು ಬಿಟ್ಟುಬಿಡಿ. ಅದಕ್ಕಾಗಿ ಕಾಲೇಜು ಸಲ್ಲಿಸಿದ ಮಾಹಿತಿಯ ಪಿಡಿಎಫ್ ಇರುತ್ತದಲ್ಲ, ಅದನ್ನು ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಕಿ ತೆಗೆಯಿರಿ. ಎನ್‌ಐಆರ್‌ಎಫ್ ಅಂತ ಒಂದು ಲಿಂಕ್ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಅದರಲ್ಲಿ ಪ್ಲೇಸ್‌ಮೆಂಟಿನ ಒಂದು ಕೋಷ್ಟಕ ಇದೆ. ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮಧ್ಯದ ಸಂಬಳ (ಮೀಡಿಯನ್) ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಕಾಲೇಜೇ ಕೊಟ್ಟ ಲೆಕ್ಕ ಅದು, ಒಂದು ಚಿಟಿಕೆ ಅನುಮಾನ ಇಟ್ಟುಕೊಂಡೇ ಓದಿ. ಆದರೂ ಬೋರ್ಡಿಗಿಂತ ಎಷ್ಟೋ ವಾಸಿ.

ಓದುವ ರೀತಿ ಹೀಗೆ. ಉದಾಹರಣೆಗೆ ಸುಮ್ನೆ ಒಂದು ಅಂಕಿ ಇಟ್ಟುಕೊಳ್ಳೋಣ. ಸೇರಿದವರು 600, ಸಮಯಕ್ಕೆ ಮುಗಿಸಿದವರು 470, ಕೆಲಸ ಸಿಕ್ಕವರು 290, ಮಧ್ಯದ ಸಂಬಳ 5.5 ಲಕ್ಷ. ಇಲ್ಲಿ 5.5 ಲಕ್ಷ ಅನ್ನುವುದು ಕೆಲಸ ಸಿಕ್ಕ 290 ಜನರ ಮಧ್ಯದ ಅಂಕಿ, ಇಡೀ ಬ್ಯಾಚಿನದಲ್ಲ. ಅಂದರೆ ಕ್ಯಾಂಪಸ್ಸಿನಲ್ಲೇ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಪಡೆದವರು ಸುಮಾರು 145 ಮಂದಿ. ಸೇರಿದ 600 ಜನರಲ್ಲಿ ನಾಲ್ಕನೇ ಒಂದು ಭಾಗ. ಎಲ್ಲರೂ ಕೆಲಸ ಹುಡುಕಿರುವುದಿಲ್ಲ, ಕೆಲವರು ಮುಂದೆ ಓದಲು ಹೋಗಿರುತ್ತಾರೆ, ಕೆಲವರು ಹೊರಗೆ ಕೆಲಸ ಹುಡುಕಿಕೊಂಡಿರುತ್ತಾರೆ, ಅದನ್ನೂ ಸೇರಿಸಿ ನೋಡಿ. ಆದರೆ ಫೀಸು ಕಟ್ಟುವ ಮೊದಲು ಈ ಒಂದು ಸಾಲು ಓದಿದ ತಂದೆ ತಾಯಿ ತುಂಬಾ ಕಡಿಮೆ.

ಇನ್ನೊಂದು ವಿಷಯ. ಪ್ಯಾಕೇಜ್ 6 ಲಕ್ಷ ಅಂದರೆ ತಿಂಗಳಿಗೆ 50 ಸಾವಿರ ಕೈಗೆ ಬರುವುದಿಲ್ಲ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆ, ಸಿಕ್ಕರೆ ಸಿಗುವ ವೇರಿಯಬಲ್ ಪೇ, ಎಲ್ಲ ಅದರೊಳಗೇ ಇರುತ್ತದೆ. ಲೆಕ್ಕ ಹಾಕುವಾಗ ಕೈಗೆ ಬರುವ ದುಡ್ಡು ಹಿಡಿಯಿರಿ.

10 ಲಕ್ಷ ಸಾಲ ಮಾಡಿದರೆ ತಿಂಗಳ ಕಂತು ಎಷ್ಟು ಬರುತ್ತೆ?

ನಾಲ್ಕು ವರ್ಷದ ಕೋರ್ಸು, ವರ್ಷಕ್ಕೆ 2.5 ಲಕ್ಷದಂತೆ ಸಾಲ ಬಿಡುಗಡೆ, ಬಡ್ಡಿ ಶೇ 10.5 ಅಂದುಕೊಳ್ಳಿ. ಕೋರ್ಸು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಇದನ್ನೇ ಮಾರಟೋರಿಯಂ ಅನ್ನುವುದು. ಬಹಳ ಜನ ಈ ಅವಧಿಯಲ್ಲಿ ಬಡ್ಡಿಯೂ ಇಲ್ಲ ಅಂತ ತಿಳಿದುಕೊಂಡಿರುತ್ತಾರೆ. ಬಡ್ಡಿ ಮೊದಲ ಕಂತು ಬಿಡುಗಡೆಯಾದ ದಿನದಿಂದಲೇ ಓಡುತ್ತಿರುತ್ತದೆ.

ಆ ಐದು ವರ್ಷಕ್ಕೆ ಸರಳ ಬಡ್ಡಿಯೇ ಸುಮಾರು 3.67 ಲಕ್ಷ. ಕಂತು ಶುರುವಾಗುವ ದಿನ ನಿಮ್ಮ ಸಾಲ 10 ಲಕ್ಷ ಅಲ್ಲ, 13.67 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 18,450 ರೂಪಾಯಿ. ಒಟ್ಟು ಕಟ್ಟುವುದು 22 ಲಕ್ಷ. ಕಂತು ಭಾರ ಅಂತ ಹದಿನೈದು ವರ್ಷಕ್ಕೆ ಹಾಕಿಸಿಕೊಂಡರೆ ತಿಂಗಳಿಗೆ 15,100ರ ಹತ್ತಿರ ಬರುತ್ತದೆ, ಒಟ್ಟು 27 ಲಕ್ಷ ದಾಟುತ್ತದೆ. ತಿಂಗಳಿಗೆ 3,300 ರೂಪಾಯಿ ಹಗುರ ಮಾಡಿಕೊಳ್ಳಲು ಐದು ಲಕ್ಷ ಜಾಸ್ತಿ ಕಟ್ಟಿದ ಹಾಗಾಯಿತು.

ಈಗ ಆ ಕಡೆ ನೋಡಿ. ದೊಡ್ಡ ಐಟಿ ಸರ್ವಿಸ್ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು ವರ್ಷದಿಂದಲೂ ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತಮುತ್ತಲೇ ನಿಂತಿದೆ. ಕೈಗೆ ತಿಂಗಳಿಗೆ 25 ಸಾವಿರದ ಆಸುಪಾಸು. ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟ ಕಳೆದು 18,450 ಎಲ್ಲಿಂದ ತರೋದು?

ಓದುವಾಗಲೇ ಬಡ್ಡಿ ಕಟ್ಟಿದರೆ ಲಾಭ ಇದೆಯಾ?

ಇದೆ. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 2,200 ರೂಪಾಯಿ, ಕೊನೆಯ ವರ್ಷಕ್ಕೆ 8,750 ಬರುತ್ತದೆ. ಅದನ್ನು ಕಟ್ಟುತ್ತಾ ಹೋದರೆ ಆಮೇಲಿನ ಕಂತು 18,450 ಬದಲು 13,500ಕ್ಕೆ ಇಳಿಯುತ್ತದೆ. ಕೆಲವು ಬ್ಯಾಂಕುಗಳು ಹೀಗೆ ಕಟ್ಟುವವರಿಗೆ ಬಡ್ಡಿದರದಲ್ಲಿ ಶೇ 1ರ ರಿಯಾಯಿತಿಯನ್ನೂ ಕೊಡುತ್ತವೆ. ಕೇಳಬೇಕು, ಅವರಾಗಿಯೇ ಹೇಳುವುದು ಅಪರೂಪ.

ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಮೊದಲ ವರ್ಷದ 2,200 ಕಟ್ಟುವುದಕ್ಕೇ ಮನೆಯಲ್ಲಿ ತಿಣುಕಾಟ ಆದರೆ, ಸಾಲ ನಿಮ್ಮ ಅಳತೆಗೆ ಮೀರಿದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಕಂಪ್ಯೂಟರ್ ಸೈನ್ಸಾ, ಊರ ಹತ್ತಿರ ಸಿಇಟಿಯ ಮೆಕ್ಯಾನಿಕಲ್ಲಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಒಂದು ಫೀಸು, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಯಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ, ಮ್ಯಾನೇಜ್‌ಮೆಂಟಿನಲ್ಲಿ ಅವರು ಹೇಳಿದ್ದೇ ರೇಟು. ಕ್ಲಾಸು ಒಂದೇ, ಪಾಠ ಮಾಡುವವರೂ ಅವರೇ, ಕೊನೆಗೆ ಕೈಗೆ ಬರುವ ಸರ್ಟಿಫಿಕೇಟೂ ಒಂದೇ.

ಮ್ಯಾನೇಜ್‌ಮೆಂಟ್ ಸೀಟಿಗೆ ಇನ್ನೆರಡು ತೊಂದರೆ ಇವೆ. ಒಂದು, ಸರ್ಕಾರದ ಬಡ್ಡಿ ರಿಯಾಯಿತಿಗಳ ಬಾಗಿಲು ಮುಚ್ಚುತ್ತದೆ. ಕೇಂದ್ರದ ಶಿಕ್ಷಣ ಸಾಲದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಸಿಗುವುದಿಲ್ಲ. ಎರಡು, ರಸೀದಿ ಇಲ್ಲದ ದುಡ್ಡು. ಡೊನೇಷನ್ ತೆಗೆದುಕೊಳ್ಳುವುದನ್ನು ಕರ್ನಾಟಕದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ. 1992ರಲ್ಲಿ ಸುಪ್ರೀಂ ಕೋರ್ಟು ಡೊನೇಷನ್ ತಪ್ಪು ಅಂತ ತೀರ್ಮಾನಿಸಿದ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದೂ ನಮ್ಮ ರಾಜ್ಯದಲ್ಲೇ. ಆಗ ಸರ್ಕಾರಿ ಮೆಡಿಕಲ್ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ ಖಾಸಗಿ ಸೀಟಿಗೆ 60,000. ಕೋರ್ಟು ಏನೇ ಹೇಳಲಿ, ರಸೀದಿಯಿಲ್ಲದ ವ್ಯವಹಾರ ನಿಂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಸತ್ಯ. ಬ್ಯಾಂಕು ರಸೀದಿ ಇರುವುದಕ್ಕೆ ಮಾತ್ರ ಸಾಲ ಕೊಡುತ್ತದೆ. ಮಿಕ್ಕಿದ್ದಕ್ಕೆ ಜನ ಕೈಸಾಲಕ್ಕೆ ಹೋಗುತ್ತಾರೆ. ಮನೆ ಮುಳುಗುವುದು ಅಲ್ಲಿಂದ.

ನನ್ನ ಅಭಿಪ್ರಾಯ ಕೇಳಿದರೆ, ಹುಡುಗನಿಗೆ ಮೆಷೀನು ಇಷ್ಟ ಇದ್ದರೆ ಸಿಇಟಿಯ ಮೆಕ್ಯಾನಿಕಲ್. ಇಷ್ಟ ಇಲ್ಲದಿದ್ದರೂ ಹತ್ತು ಹದಿನೈದು ಲಕ್ಷ ಸಾಲ ಮಾಡುವ ಬದಲು ಸಿಇಟಿಯಲ್ಲಿ ಸಿಕ್ಕ ಬೇರೆ ಬ್ರಾಂಚು. ಐಟಿ ಸರ್ವಿಸ್ ಕಂಪನಿಗಳು ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ತೆಗೆದುಕೊಳ್ಳುತ್ತವೆ, ಅದೇ ಸಂಬಳಕ್ಕೆ. ಕೋಡಿಂಗ್ ಕಲಿಯಲು ಕಂಪ್ಯೂಟರ್ ಸೈನ್ಸಿನ ಸೀಟೇ ಬೇಕು ಅಂತೇನಿಲ್ಲ. ನಿಜವಾಗಿ ಒಳ್ಳೆಯ ಪ್ರಾಡಕ್ಟ್ ಕಂಪನಿಗಳು ಬರುವ ನಾಲ್ಕಾರು ಕಾಲೇಜುಗಳ ಮಾತು ಬೇರೆ. ಅಲ್ಲಿಗೂ ಮೊದಲು ಆ ಪಿಡಿಎಫ್ ನೋಡಿಯೇ ಹೋಗಿ.

ಬ್ಯಾಂಕು ಅಡಮಾನ ಕೇಳುತ್ತಾ? ನಮ್ಮ ಹತ್ತಿರ ಜಮೀನಿದೆ.

ಸಾಮಾನ್ಯವಾಗಿ 4 ಲಕ್ಷದ ತನಕ ನಿಮ್ಮ ಕೈಯಿಂದ ಏನೂ ಹಾಕಬೇಕಿಲ್ಲ. 7.5 ಲಕ್ಷದ ತನಕ ಆಸ್ತಿ ಅಡ ಕೇಳುವುದಿಲ್ಲ, ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಅದರ ಮೇಲೆ ಆಸ್ತಿ ಕೇಳುತ್ತಾರೆ. ಐಐಎಂ, ಐಐಟಿಯಂಥ ಕಡೆ ಸೀಟು ಸಿಕ್ಕರೆ ಇಪ್ಪತ್ತು ಮೂವತ್ತು ಲಕ್ಷವನ್ನೂ ಅಡ ಇಲ್ಲದೆ ಕೊಡುತ್ತಾರೆ.

ಪಹಣಿ ಹಿಡಿದುಕೊಂಡು ಬರುವವರಿಗೆ ನಿರಾಸೆ ಆಗುತ್ತದೆ. ಕೃಷಿ ಜಮೀನನ್ನು ಬ್ಯಾಂಕುಗಳು ಸಾಲ ವಸೂಲಿಗೆ ಬಳಸುವ ಸರ್ಫೇಸಿ ಕಾಯ್ದೆಯಡಿ ಜಪ್ತಿ ಮಾಡಲು ಬರುವುದಿಲ್ಲ, ಹಾಗಾಗಿ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಅದನ್ನು ಒಪ್ಪುವುದು ಕಷ್ಟ. ಮನೆ ಅಥವಾ ಸೈಟು ಬೇಕು. ಅದರಲ್ಲೂ ಬಿ ಖಾತೆ ಆದರೆ ಹೆಚ್ಚಿನ ಬ್ಯಾಂಕುಗಳು ಮುಖ ತಿರುಗಿಸುತ್ತವೆ. ಜೂನ್ ತಿಂಗಳಲ್ಲಿ ಖಾತೆ ಸರಿ ಮಾಡಿಸಲು ಓಡುವವರನ್ನು ಎಷ್ಟು ನೋಡಿಲ್ಲ! ಆ ಕೆಲಸ ಮಗ ಮೊದಲ ಪಿಯುಸಿಯಲ್ಲಿರುವಾಗಲೇ ಆಗಿರಬೇಕು.

ಸರ್ಕಾರದಿಂದ ಏನಾದ್ರೂ ಸಹಾಯ ಸಿಗುತ್ತಾ?

ಸಿಗುತ್ತದೆ, ಆದರೆ ಹುಡುಕಿಕೊಂಡು ಹೋಗಬೇಕು.

ಮೊದಲು ಎಸ್‌ಎನ್‌ಕ್ಯೂ ಸೀಟು ವಿಚಾರಿಸಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು ಇರುತ್ತದೆ. ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿದ್ದವರಿಗೆ, ಬೋಧನಾ ಶುಲ್ಕ ಇಲ್ಲ, ಸಿಇಟಿ ಮೂಲಕವೇ ಹಂಚಿಕೆ. ಒಳ್ಳೆ ಕಾಲೇಜಿನಲ್ಲಿ ಇದು ಸಿಕ್ಕರೆ ಸಾಲದ ಮಾತೇ ಅರ್ಧ ಮುಗಿಯಿತು.

ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಇದೆ, ವೃತ್ತಿಪರ ಕೋರ್ಸಿಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದಿಂದ, ಅಲ್ಪಸಂಖ್ಯಾತರಿಗೆ ಅವರ ನಿಗಮದಿಂದ ಅರಿವು ಅನ್ನುವ ಸಾಲ ಸಿಗುತ್ತದೆ. ಬಡ್ಡಿ ಶೇ 2. ಬ್ಯಾಂಕಿನ ಶೇ 10ರ ಪಕ್ಕ ಇಟ್ಟು ನೋಡಿ.

ಬ್ಯಾಂಕ್ ಸಾಲಕ್ಕೆ ಬಂದರೆ, ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ಮಾರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ ಇದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡ ಇಲ್ಲದೆ, ಜಾಮೀನುದಾರರಿಲ್ಲದೆ ಸಾಲ. ಶುರುವಿನಲ್ಲಿ ಪಟ್ಟಿಯಲ್ಲಿದ್ದದ್ದು 860 ಸಂಸ್ಥೆಗಳು. ಆದಾಯ 8 ಲಕ್ಷದ ತನಕ ಇದ್ದವರಿಗೆ 10 ಲಕ್ಷದ ತನಕದ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿಯೂ ಇದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ನೋಡುವುದೇ ಒಂದು ಪರೀಕ್ಷೆ ಇದ್ದ ಹಾಗೆ.

ಮುಂದೊಂದು ದಿನ ಸಾಲ ಮನ್ನಾ ಆಗುತ್ತೆ ಅಂತ ನಂಬಿಕೊಂಡು ಯಾರೂ ಸಹಿ ಹಾಕಬೇಡಿ.

ಮೆಡಿಕಲ್‌ಗಾದರೆ ಎಷ್ಟು ಸಾಲ ಮಾಡಿದರೂ ಪರವಾಗಿಲ್ಲ ಅಲ್ವಾ?

ಅಲ್ಲ. ಸರ್ಕಾರಿ ಕಾಲೇಜಿನ ಎಂಬಿಬಿಎಸ್ ಸೀಟಿಗೆ ವರ್ಷಕ್ಕೆ ಲಕ್ಷಕ್ಕಿಂತ ಕಡಿಮೆ ಫೀಸು. ಅದಕ್ಕೆ ಸಾಲ ಮಾಡಿ, ಕಣ್ಣು ಮುಚ್ಚಿ ಮಾಡಿ. ಖಾಸಗಿ ಕೋಟಾಕ್ಕೆ ಹೋದರೆ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ, ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಜಾಸ್ತಿ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಬರೀ ಎಂಬಿಬಿಎಸ್‌ಗೆ ಈಗ ಸಿಗುವ ಡ್ಯೂಟಿ ಡಾಕ್ಟರ್ ಸಂಬಳದಲ್ಲಿ 60 ಲಕ್ಷದ ಸಾಲದ ಬಡ್ಡಿ ಕಟ್ಟುವುದೇ ಕಷ್ಟ. ಆಮೇಲೆ ಪಿಜಿ. ಅಲ್ಲೂ ಸರ್ಕಾರಿ ಸೀಟು ಸಿಗದಿದ್ದರೆ ಇನ್ನೊಂದು ಸಾಲ. ಡಾಕ್ಟರುಗಳು ಕೊನೆಗೆ ಚೆನ್ನಾಗಿ ದುಡಿಯುತ್ತಾರೆ ನಿಜ, ಆದರೆ ಆ ದುಡಿಮೆ ಶುರುವಾಗುವುದು ಮೂವತ್ತೆರಡು ಮೂವತ್ಮೂರು ವರ್ಷ ಆದ ಮೇಲೆ. ಕಂತು ಅಷ್ಟು ದಿನ ಕಾಯುವುದಿಲ್ಲ.

ಅಂಕ ಹತ್ತಿರದಲ್ಲಿ ತಪ್ಪಿದ್ದರೆ ಇನ್ನೊಂದು ಸಲ ನೀಟ್ ಬರೆಯಿರಿ. ಒಂದು ವರ್ಷ ಹೋಗುತ್ತದೆ, ಐವತ್ತು ಲಕ್ಷ ಉಳಿಯುತ್ತದೆ. ತುಂಬಾ ದೂರ ತಪ್ಪಿದ್ದರೆ ಮೂರು ಮೂರು ಸಲ ಬರೆಸಬೇಡಿ, ಮಕ್ಕಳು ಕುಗ್ಗಿಹೋಗುತ್ತಾರೆ.

ಹೊರದೇಶದಲ್ಲಿ ಎಂಬಿಬಿಎಸ್ ಅಗ್ಗ ಅಂತಾರೆ.

ಫೀಸು ಅಗ್ಗ. ವಾಪಸ್ ಬಂದು ಎಫ್‌ಎಂಜಿಇ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಕೆಲವು ವರ್ಷಗಳಿಂದ ಪ್ರತಿ ಸಲವೂ ಬರೆದವರಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಜನ ಫೇಲ್ ಆಗುತ್ತಿದ್ದಾರೆ. ಅದು ಪಾಸಾಗದೆ ಇಲ್ಲಿ ಸ್ಟೆತಸ್ಕೋಪ್ ಹಿಡಿಯುವ ಹಾಗಿಲ್ಲ, ಸಾಲದ ಕಂತು ಮಾತ್ರ ಶುರುವಾಗಿರುತ್ತದೆ. ಏಜೆಂಟರು ಹೇಳುವ ಕಾಲೇಜಿನಲ್ಲಿ 54 ತಿಂಗಳ ಕೋರ್ಸು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷಿನಲ್ಲೇ ಪಾಠ, ಇಷ್ಟಿಲ್ಲದಿದ್ದರೆ 2021ರ ನಿಯಮದ ಪ್ರಕಾರ ಆ ಡಿಗ್ರಿಗೆ ಇಲ್ಲಿ ಬೆಲೆ ಇಲ್ಲ. 2022ರಲ್ಲಿ ಯುಕ್ರೇನಿನಿಂದ ಅರ್ಧಕ್ಕೇ ಬಂದವರ ಪಾಡು ನೆನಪಿದೆಯಲ್ಲ.

ಅಮೆರಿಕದಲ್ಲಿ ಎಂಎಸ್ ಮಾಡಿದರೆ ಎರಡು ವರ್ಷದಲ್ಲಿ ಸಾಲ ತೀರುತ್ತೆ ಅಂತಾರಲ್ಲ?

ತೀರಿಸಿದವರಿದ್ದಾರೆ. ಅವರ ಕಾಲ ಬೇರೆ ಇತ್ತು. ಡಾಲರಿನಲ್ಲಿ ದುಡಿದು ರೂಪಾಯಿ ಸಾಲ ತೀರಿಸುವುದು ಸುಲಭ, ಅಲ್ಲಿ ಕೆಲಸ ಸಿಕ್ಕರೆ. ಸಿಗದಿದ್ದರೆ ಏನು ಅನ್ನುವುದನ್ನು ಮೊದಲು ಬರೆದು ನೋಡಿ.

40 ಲಕ್ಷ ಸಾಲ, ಶೇ 11 ಬಡ್ಡಿ, ಎರಡು ವರ್ಷದ ಓದು, ಆಮೇಲೊಂದು ವರ್ಷ ಬಿಡುವು. ಕಂತು ಶುರುವಾಗುವಾಗ ಸಾಲ 51 ಲಕ್ಷ. ಹತ್ತು ವರ್ಷಕ್ಕೆ ಹಾಕಿದರೆ ತಿಂಗಳಿಗೆ 70 ಸಾವಿರ ಚಿಲ್ಲರೆ. ಹುಡುಗಿ ವಾಪಸ್ ಬೆಂಗಳೂರಿಗೆ ಬಂದು 11 ಲಕ್ಷದ ಕೆಲಸಕ್ಕೆ ಸೇರಿದಳು ಅಂದುಕೊಳ್ಳಿ, ಕೆಟ್ಟ ಸಂಬಳವೇನಲ್ಲ. ಕೈಗೆ ಬರುವುದರಲ್ಲಿ ಹೆಚ್ಚಿನ ಪಾಲು ಕಂತಿಗೇ ಹೋಗುತ್ತದೆ.

ಅಲ್ಲಿ ಉಳಿಯುವ ದಾರಿ ಹೀಗಿದೆ. ಓದು ಮುಗಿದ ಮೇಲೆ ಒಂದು ವರ್ಷ ಒಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ, ವಿಜ್ಞಾನ ತಂತ್ರಜ್ಞಾನದ ಕೋರ್ಸಾದರೆ ಇನ್ನೂ 24 ತಿಂಗಳು. ಅಷ್ಟರೊಳಗೆ ಎಚ್‌1ಬಿ ಅನ್ನುವ ಕೆಲಸದ ವೀಸಾ ಆಗಬೇಕು. ವರ್ಷಕ್ಕೆ ಇರುವುದು 85,000, ಅದರಲ್ಲಿ 20,000 ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಮೇಲಿನ ಡಿಗ್ರಿ ಮಾಡಿದವರಿಗೆ ಮೀಸಲು. ಅರ್ಜಿಗಳು ಅದಕ್ಕಿಂತ ಎಷ್ಟೋ ಪಟ್ಟು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್‌1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಬಂತು. ಅಲ್ಲೇ ಓದಿ ಅಲ್ಲಿಂದಲೇ ವೀಸಾ ಬದಲಿಸಿಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ಮುಂದಿನ ತಿಂಗಳು ಅಲ್ಲಿನ ಸರ್ಕಾರವೇ ಸ್ಪಷ್ಟಪಡಿಸಿತು. ಒಂದು ತಿಂಗಳ ಕಾಲ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲವೋ. ಹತ್ತು ವರ್ಷದ ಸಾಲವನ್ನು ಹೀಗೆ ರಾತ್ರೋರಾತ್ರಿ ಬದಲಾಗುವ ನಿಯಮದ ಮೇಲೆ ನಿಲ್ಲಿಸುತ್ತಿದ್ದೇವೆ ಅನ್ನುವುದು ಗೊತ್ತಿರಲಿ.

ಖರ್ಚೂ ನಿಂತಲ್ಲಿ ನಿಲ್ಲುವುದಿಲ್ಲ. 2014ರಲ್ಲಿ ಡಾಲರಿಗೆ 60 ರೂಪಾಯಿಯ ಆಸುಪಾಸು ಇತ್ತು, 2025ರ ಕೊನೆಗೆ 90 ಮುಟ್ಟಿತು. ಮೊದಲ ಸೆಮಿಸ್ಟರಿಗೆ ಹಾಕಿದ ಬಜೆಟ್ ನಾಲ್ಕನೇ ಸೆಮಿಸ್ಟರಿಗೆ ಸಾಲುವುದಿಲ್ಲ.

ನನ್ನ ಮಾತು: ಇಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿ, ಕೈಯಲ್ಲಿ ಒಂದಷ್ಟು ದುಡ್ಡು, ರೆಸ್ಯೂಮೆಯಲ್ಲಿ ಅನುಭವ ಇಟ್ಟುಕೊಂಡು ಹೋಗುವವರಿಗೆ ಹೋಗಿ ಅನ್ನುತ್ತೇನೆ. ವಾಪಸ್ ಬಂದರೂ ಅವರು ಹಳೆ ಅನುಭವದ ಮೇಲೆ ಎದ್ದು ನಿಲ್ಲುತ್ತಾರೆ. ಡಿಗ್ರಿ ಮುಗಿದ ಮರುತಿಂಗಳೇ ಮನೆ ಅಡವಿಟ್ಟು, ಹೆಸರೂ ಕೇಳಿರದ ಯೂನಿವರ್ಸಿಟಿಗೆ ಹೋಗುವವರಿಗೆ ಬೇಡ ಅನ್ನುತ್ತೇನೆ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಸಾಲಕ್ಕೆ ಮೊದಲು ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ ವಿಚಾರಿಸಲಿ.

ಜರ್ಮನಿ?

ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕ ಇಲ್ಲ. ಆದರೆ ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. 2024ರ ಸೆಪ್ಟೆಂಬರಿನಿಂದ ಖರ್ಚಿಗೆ ಅಂತ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ ತೋರಿಸಬೇಕು, ಅದು ನಿಮ್ಮದೇ ದುಡ್ಡು. ಸಾಲ ಕಡಿಮೆ, ಶ್ರಮ ಜಾಸ್ತಿ. ಜರ್ಮನ್ ಭಾಷೆ ಬರದೆ ಕೆಲಸ ಸಿಗುವುದು ಕಷ್ಟ, ಇಲ್ಲೇ ಕಲಿಯಲು ಶುರು ಮಾಡಿ.

ಎಂಬಿಎಗೆ ಸಾಲ ಮಾಡಬಹುದಾ?

ಎಲ್ಲಿ ಅನ್ನುವುದರ ಮೇಲೆ. ಬೆಂಗಳೂರಿನ ಐಐಎಂನಲ್ಲಿ ಎರಡು ವರ್ಷಕ್ಕೆ 25 ಲಕ್ಷದ ಆಸುಪಾಸು ಫೀಸು. ದುಬಾರಿ ಅನ್ನಿಸುತ್ತದೆ, ಆದರೆ ಅಲ್ಲಿನ ಮಧ್ಯದ ಸಂಬಳ ಅದಕ್ಕಿಂತ ಮೇಲೇ ಇರುತ್ತದೆ. ಅದೇ ಬೆಂಗಳೂರಿನಲ್ಲಿ 10 ಲಕ್ಷ ತೆಗೆದುಕೊಂಡು, ಕೊನೆಗೆ 3.5 ಲಕ್ಷದ ಸೇಲ್ಸ್ ಕೆಲಸ ಕೊಡಿಸುವ ಕಾಲೇಜುಗಳೂ ಗಲ್ಲಿಗೊಂದಿವೆ. 25 ಲಕ್ಷದ ಸಾಲ ಹಗುರ, 10 ಲಕ್ಷದ್ದು ಭಾರ. ಆ ಸೇಲ್ಸ್ ಕೆಲಸ ಬಿ.ಕಾಂ ಮುಗಿಸಿದವನಿಗೂ ಸಿಗುತ್ತಿತ್ತು.

ಸಾಲದ ತಲೆನೋವೇ ಬೇಡ, ಜಮೀನು ಮಾರಿ ಓದಿಸುತ್ತೇನೆ.

ಫಲ ಕೊಡುವ ತೋಟ ಮಾರಬೇಡಿ. ಅದು ವರ್ಷ ವರ್ಷ ದುಡಿಯುತ್ತದೆ, ಮಗ ಓದಿದ ಮೇಲೆ ಅದನ್ನು ವಾಪಸ್ ಕೊಳ್ಳುವ ರೇಟು ಇರುವುದಿಲ್ಲ. ಸುಮ್ನೆ ಬಿದ್ದಿರುವ ಸೈಟು ಇದ್ದರೆ ಅದು ಬೇರೆ ಮಾತು. ಎಷ್ಟೋ ಸಲ ಅಪ್ಪಂದಿರು ಜಮೀನು ಮಾರುವುದು ಸಾಲದ ಭಯಕ್ಕಲ್ಲ, ಬ್ಯಾಂಕಿಗೆ ಅಲೆಯುವ ಬೇಸರಕ್ಕೆ. ಎರಡು ವಾರ ಅಲೆದಾಡಿ. ಒಂದು ಶಾಖೆ ಇಲ್ಲ ಅಂದರೆ ಇನ್ನೊಂದಕ್ಕೆ ಹೋಗಿ, ಕೇಂದ್ರದ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿ. ಆಗ ಇಲ್ಲ ಅನ್ನುವವರು ಕಾರಣ ಬರೆದು ಕೊಡಬೇಕಾಗುತ್ತದೆ.

ಕೈಸಾಲ, ಚಿನ್ನ, ಪಿಎಫ್?

ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ. ವರ್ಷಕ್ಕೆ 36. ಓದಿಗೆ ಆ ದುಡ್ಡು ಬೇಡವೇ ಬೇಡ. ಚಿನ್ನದ ಸಾಲ ಮೊದಲ ಸೆಮಿಸ್ಟರ್ ಫೀಸಿಗೆ, ಬ್ಯಾಂಕ್ ಸಾಲ ಬರುವ ತನಕ ಎರಡು ಮೂರು ತಿಂಗಳು ಓಡಿಸಲು ಆಗಬಹುದು. ಪಿಎಫ್ ಮುಟ್ಟಬೇಡಿ. ಓದಿಗೆ ಸಾಲ ಸಿಗುತ್ತದೆ, ಮುಪ್ಪಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಮಗಳಿಗೆ ಹೇಗಿದ್ದರೂ ಮದುವೆ ಖರ್ಚಿದೆ. ಅವಳ ಓದಿಗೂ ಸಾಲ ಯಾಕೆ?

ಈ ಪ್ರಶ್ನೆ ಇಷ್ಟು ನೇರವಾಗಿ ಯಾರೂ ಕೇಳುವುದಿಲ್ಲ. ಮಗನ ಮ್ಯಾನೇಜ್‌ಮೆಂಟ್ ಸೀಟಿಗೆ ಹನ್ನೆರಡು ಲಕ್ಷ ಸಾಲ ಕೇಳುವ ಫೈಲಿನಲ್ಲೇ, ಅವನಿಗಿಂತ ಜಾಸ್ತಿ ಅಂಕ ತೆಗೆದ ಅಕ್ಕ ಊರಲ್ಲೇ ಬಿ.ಕಾಂ ಓದುತ್ತಿರುವುದು ಕಾಣುತ್ತದೆ. ಮದುವೆಗೆ ಮಾಡುವ ಸಾಲಕ್ಕೆ ಎದುರಿಗೆ ಯಾವ ಸಂಬಳವೂ ಇಲ್ಲ, ಓದಿನ ಸಾಲಕ್ಕಾದರೆ ಇದೆ. ಅನೇಕ ಸರ್ಕಾರಿ ಬ್ಯಾಂಕುಗಳು ಹುಡುಗಿಯರಿಗೆ ಬಡ್ಡಿಯಲ್ಲಿ ಶೇ 0.5 ಬಿಡುತ್ತವೆ. ಅವಳದೇ ಹೆಸರಲ್ಲಿ ಮಾಡಿ.

ಕೆಲಸ ಸಿಗದಿದ್ದರೆ? ಕಂತು ತಪ್ಪಿದರೆ?

ಕಂತು ತಪ್ಪಿ 90 ದಿನ ದಾಟಿದರೆ ಸಾಲ ಎನ್‌ಪಿಎ ಆಗುತ್ತದೆ, ಅಂದರೆ ಬ್ಯಾಂಕು ಅದನ್ನು ಕೆಟ್ಟ ಸಾಲದ ಲೆಕ್ಕಕ್ಕೆ ಹಾಕುತ್ತದೆ. ಮಗನದ್ದಷ್ಟೇ ಅಲ್ಲ, ಸಹಿ ಹಾಕಿದ ಅಪ್ಪನ ಸಿಬಿಲ್ ಸ್ಕೋರು, ಅಂದರೆ ಸಾಲ ತೀರಿಸುವ ವಿಷಯದಲ್ಲಿ ಇರುವ ಹೆಸರು ಕೂಡ ಹಾಳಾಗುತ್ತದೆ. ಮುಂದೆ ಬೆಳೆ ಸಾಲಕ್ಕೆ, ಮನೆ ಸಾಲಕ್ಕೆ ಹೋದಾಗ ಅದು ಎದುರಿಗೆ ಬರುತ್ತದೆ.

ಜನ ಮಾಡುವ ತಪ್ಪು ಅಂದರೆ ಬ್ಯಾಂಕಿನ ಫೋನ್ ಎತ್ತದಿರುವುದು. ಕೆಲಸ ಸಿಕ್ಕಿಲ್ಲ, ಅಥವಾ ಇದ್ದದ್ದು ಹೋಯಿತು ಅಂದರೆ ಕಂತು ತಪ್ಪುವ ಮೊದಲೇ ಪತ್ರ ಬರೆದು ಕೊಡಿ. ಕೆಲಸವಿಲ್ಲದ ಅವಧಿಗೆ ಒಂದೊಂದು ಸಲ ಆರು ತಿಂಗಳ ತನಕ ಕಂತು ಮುಂದೂಡುವ ಅವಕಾಶ ಬ್ಯಾಂಕುಗಳ ಮಾದರಿ ಯೋಜನೆಯಲ್ಲೇ ಇದೆ. ಎನ್‌ಪಿಎ ಆದ ಮೇಲೆ ಕೇಳಿದರೆ ಮ್ಯಾನೇಜರ್ ಕೈಯೂ ಕಟ್ಟಿರುತ್ತದೆ.

ಹೇಳಲು ಕಷ್ಟವಾದ ಇನ್ನೊಂದು ಮಾತಿದೆ. ಓದುತ್ತಿರುವ ಮಗುವಿಗೆ ಏನಾದರೂ ಆದರೆ ಸಾಲ ತಾನಾಗಿ ಹೋಗುವುದಿಲ್ಲ, ತಂದೆ ತಾಯಿ ಕಟ್ಟಬೇಕು. ಸಾಲದ ಮೊತ್ತಕ್ಕೆ ಒಂದು ವಿಮೆ ಮಾಡಿಸಿ. ಪ್ರೀಮಿಯಂ ಸಣ್ಣದು.

ತೆರಿಗೆ ಉಳಿತಾಯ ಆಗುತ್ತಂತಲ್ಲ?

80ಇ ಅಂತ ಎಲ್ಲರೂ ಕರೆಯುವ ರಿಯಾಯಿತಿ. ಕಟ್ಟಿದ ಬಡ್ಡಿಗೆ ಮಾತ್ರ, ಎಂಟು ವರ್ಷ, ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ. ಹೊಸ ಪದ್ಧತಿಯಲ್ಲಿ ಇಲ್ಲ. ಇದನ್ನು ನೋಡಿ ಸಾಲ ಮಾಡುವ ನಿರ್ಧಾರ ಮಾಡಬೇಡಿ.

ಸಾಲವೇ ಇಲ್ಲದ ದಾರಿ ಯಾವುದೂ ಇಲ್ವಾ?

ಇದೆ, ಅದಕ್ಕೆ ಬೋರ್ಡು ಇಲ್ಲ ಅಷ್ಟೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್. ಒಂದು ವರ್ಷದ ಫೀಸು ಉಳಿಯುತ್ತದೆ, ಮಧ್ಯೆ ಕೆಲಸ ಸಿಕ್ಕರೆ ಮಾಡಲೂಬಹುದು. ಜಿಟಿಟಿಸಿ ಗೊತ್ತಾ? 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಂ ಸಂಸ್ಥೆ, ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಅಂತ ಹಲವು ಕಡೆ ಕೇಂದ್ರಗಳಿವೆ. ಮೂರು ವರ್ಷ ಟೂಲ್ ಅಂಡ್ ಡೈ ಕಲಿತು ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮೆಷೀನು ಮುಟ್ಟಿ ಕಲಿತವರಿಗೆ ಪೀಣ್ಯದಲ್ಲಿ ಕೆಲಸಕ್ಕೆ ಬರ ಇಲ್ಲ. ಸರ್ಕಾರಿ ಕಾಲೇಜಿನ ಬಿಎಸ್ಸಿ ಅಥವಾ ಬಿಸಿಎ, ಆಮೇಲೆ ಎಂಸಿಎ ಮಾಡಿದವರೂ, ಹತ್ತು ಲಕ್ಷ ಸಾಲ ಮಾಡಿ ಬಿಇ ಓದಿದವರೂ ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂತಿರುತ್ತಾರೆ.

ಈಗಾಗಲೇ ಸಾಲ ಮಾಡಿ ಸೇರಿಸಿ ಆಗಿದೆ. ಒಂದು ವರ್ಷವೂ ಕಳೆಯಿತು. ಈಗೇನು ಮಾಡೋದು?

ಸಾಲ ಮಂಜೂರಾಗಿದೆ ಅಂದರೆ ಅಷ್ಟನ್ನೂ ತೆಗೆದುಕೊಳ್ಳಲೇಬೇಕು ಅಂತಿಲ್ಲ. ವರ್ಷ ವರ್ಷ ಬಿಡುಗಡೆಯಾಗುತ್ತದೆ. ಹಾಸ್ಟೆಲ್, ಲ್ಯಾಪ್‌ಟಾಪ್, ಓಡಾಟದ ಖರ್ಚನ್ನು ಮನೆಯಿಂದ ನೋಡಿಕೊಂಡು, ಬ್ಯಾಂಕಿನಿಂದ ಬೋಧನಾ ಶುಲ್ಕ ಮಾತ್ರ ಬಿಡಿಸಿ. ಎರಡನೇ ವರ್ಷದಿಂದಲೂ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬಹುದು. ಬಡ್ಡಿ ಸಹಾಯಧನಕ್ಕೆ ನೀವು ಅರ್ಹರಾಗಿದ್ದೂ ಆದಾಯ ಪ್ರಮಾಣಪತ್ರ ಕೊಟ್ಟಿಲ್ಲದಿದ್ದರೆ ಈ ವಾರವೇ ಶಾಖೆಗೆ ಹೋಗಿ ಕೇಳಿ. ಕೋರ್ಸು ಅರ್ಧಕ್ಕೆ ಬಿಡುವ ಯೋಚನೆ ಇದ್ದರೆ ಮಾತ್ರ ನಿಧಾನಿಸಿ, ಮುಗಿಸದ ಡಿಗ್ರಿಗೆ ಸಂಬಳ ಇಲ್ಲ, ಬಡ್ಡಿ ಇದೆ. ಕೈಯಲ್ಲಿ ಐದು ಸಾವಿರ ಇದ್ದರೂ ಸಾಲದ ಖಾತೆಗೆ ಹಾಕಿ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅವಧಿಗೆ ಮುಂಚೆ ಕಟ್ಟಿದರೆ ದಂಡ ಇಲ್ಲ. ಹಾಕುವಾಗ ಚಲನ್ನಿನಲ್ಲಿ ಮಗನ ಸೇವಿಂಗ್ಸ್ ಖಾತೆಯ ನಂಬರ್ ಬರೆಯಬೇಡಿ, ಸಾಲದ ಖಾತೆಯ ನಂಬರ್ ಬರೆಯಿರಿ. ಎಷ್ಟೋ ಜನರ ದುಡ್ಡು ಆ ಸೇವಿಂಗ್ಸ್ ಖಾತೆಯಲ್ಲೇ ಕೂತು, ಆ ಕಡೆ ಬಡ್ಡಿ ಬೆಳೆಯುತ್ತಿರುತ್ತದೆ.